ಹೊಕ್ಕುಳು, ಶಿಲೆ, ಕೂಟಶಾಸನ: ಫಿಲಿಪ್ ಗಾಸ್‌ನ ‘ಆಂಫಲೊಸ್’ ಕೃತಿಯ ಮರುವಿಮರ್ಶೆ

ಭೂಮಿಯ ವಯಸ್ಸನ್ನು ಕುರಿತು ಸೃಷ್ಟಿವಾದಕ್ಕೂ ವಿಕಾಸವಾದಕ್ಕೂ ನಡೆದಿರುವ ವಾಗ್ವಾದವನ್ನು ಎರಡು ಸಂಖ್ಯೆಗಳ ಜಗಳವೆಂದು ಓದುವುದು ರೂಢಿ. ಒಂದು ಪಕ್ಷದ ಲೆಕ್ಕದಲ್ಲಿ ಭೂಮಿಗೆ ಸುಮಾರು 6,000 ವರ್ಷ. ಇನ್ನೊಂದು ಪಕ್ಷದ ಲೆಕ್ಕದಲ್ಲಿ ಸುಮಾರು 454 ಕೋಟಿ ವರ್ಷ. ಅಂತರ ಇಷ್ಟು ದೊಡ್ಡದಾಗಿರುವಾಗ ಯಾವುದು ಸರಿ ಎಂಬ ಪ್ರಶ್ನೆಯೇ ಉಳಿದೆಲ್ಲ ಪ್ರಶ್ನೆಗಳನ್ನು ನುಂಗಿಬಿಡುತ್ತದೆ. ಆ ಪ್ರಶ್ನೆಗೆ ವಿಜ್ಞಾನ ಕೊಟ್ಟಿರುವ ಉತ್ತರದಲ್ಲಿ ಇಂದು ಸಂದೇಹಕ್ಕೆ ಎಡೆಯಿಲ್ಲ. ಆದರೆ ಸಂಖ್ಯೆಗಳ ಹಿಂದೆ ಇನ್ನೊಂದು ಪ್ರಶ್ನೆಯಿದೆ. ಅದು ಓದಿಗೆ ಸಂಬಂಧಿಸಿದ್ದು. ಕಣ್ಣೆದುರಿಗಿರುವ ಒಂದು ಗುರುತು, ಹಿಂದೆ ನಿಜವಾಗಿ ನಡೆದುದನ್ನೇ ಹೇಳುತ್ತಿದೆ ಎಂದು ನಾವು ಯಾವ ಧೈರ್ಯದಿಂದ ನಂಬುತ್ತೇವೆ? ಶಾಸನ, ಸ್ಥಳನಾಮ, ಕೈಫಿಯತ್ತುಗಳನ್ನು ಓದುವುದನ್ನೇ ವೃತ್ತಿಯಾಗಿಸಿಕೊಂಡವರಿಗೆ ಈ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಹತ್ತಿರದ್ದು.

ಆ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಎತ್ತಿ, ಅತ್ಯಂತ ವಿಚಿತ್ರವಾಗಿ ಉತ್ತರಿಸಿದ ಗ್ರಂಥವೊಂದು 1857ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಹೆಸರು ‘ಆಂಫಲೊಸ್’. ಗ್ರೀಕ್ ಭಾಷೆಯಲ್ಲಿ ಹೊಕ್ಕುಳು ಎಂದರ್ಥ. ಬರೆದವನು ಫಿಲಿಪ್ ಹೆನ್ರಿ ಗಾಸ್ (1810–1888). ಕಡಲಜೀವಿಗಳ ಅಧ್ಯಯನದಲ್ಲಿ ಆತ ಅಂದಿನ ಇಂಗ್ಲೆಂಡಿನ ಗಣ್ಯರಲ್ಲಿ ಒಬ್ಬ. ಗಾಜಿನ ತೊಟ್ಟಿಯಲ್ಲಿ ಕಡಲಿನ ಜೀವಿಗಳನ್ನು ಸಾಕಿ ನೋಡುವ ಹವ್ಯಾಸವನ್ನು ಜನಪ್ರಿಯಗೊಳಿಸಿದವನು. 1856ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದವನು. ಜೊತೆಗೆ ಪ್ಲಿಮತ್ ಬ್ರೆದ್ರೆನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ಶ್ರದ್ಧಾವಂತ ಅನುಯಾಯಿ. ಈ ಗ್ರಂಥವನ್ನು ನಗೆಪಾಟಲಿನ ಉದಾಹರಣೆಯಾಗಿ ಮಾತ್ರ ನೆನೆಯಲಾಗುತ್ತದೆ. ಅದು ಸೋತದ್ದು ತರ್ಕದ ದೌರ್ಬಲ್ಯದಿಂದಲ್ಲ, ಯಾವ ಸಾಕ್ಷ್ಯದೆದುರೂ ಸೋಲದಂತೆ ತನ್ನನ್ನು ಕಟ್ಟಿಕೊಂಡದ್ದರಿಂದ ಎಂಬುದು ಪ್ರಸ್ತುತ ಲೇಖನದ ವಾದ.

1. ಗಂಟು

‘ಭೂವಿಜ್ಞಾನದ ಗಂಟನ್ನು ಬಿಡಿಸುವ ಯತ್ನ’ ಎಂಬುದು ಕೃತಿಯ ಉಪಶೀರ್ಷಿಕೆಯ ತಾತ್ಪರ್ಯ. ಗಂಟು ಬಿದ್ದದ್ದು ಹೇಗೆಂಬುದನ್ನು ಮೊದಲು ನೋಡಬೇಕು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದ ಕಾಲಗಣನೆಯಲ್ಲಿ ಜಗತ್ತಿನ ಸೃಷ್ಟಿಯನ್ನು ಕ್ರಿಸ್ತಪೂರ್ವ 4004ರಲ್ಲಿ ನಿಲ್ಲಿಸಿದ್ದ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಬೈಬಲ್ಲಿನ ವಂಶಾವಳಿಗಳನ್ನು ಬ್ಯಾಬಿಲೋನಿಯಾ, ಪರ್ಶಿಯಾ, ಗ್ರೀಸ್, ರೋಮ್‌ಗಳ ರಾಜಾವಳಿಗಳೊಂದಿಗೆ ಹೊಂದಿಸಿ ನೋಡಿದ ಆತನ ಶ್ರಮ ಆ ಕಾಲದ ಉತ್ತಮ ಪಾಂಡಿತ್ಯಕ್ಕೆ ಸೇರಿದ್ದು. ಆತನ ಬಳಿ ಇದ್ದುದು ಲಿಖಿತ ಆಕರ ಮಾತ್ರ. ಶಿಲೆಯನ್ನೂ ಆಕರವಾಗಿ ಓದಬಹುದು ಎಂಬುದು ಇನ್ನೂ ಯಾರಿಗೂ ಸ್ಪಷ್ಟವಾಗಿರಲಿಲ್ಲ.

ಆ ಓದನ್ನು ವ್ಯವಸ್ಥಿತಗೊಳಿಸಿದವರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಪ್ರಮುಖ. ಸಿಕರ್ ಪಾಯಿಂಟ್ ಎಂಬ ಕಡಲಂಚಿನಲ್ಲಿ ಬಹುಮಟ್ಟಿಗೆ ನೆಟ್ಟಗೆ ನಿಂತ ಹಳೆಯ ಶಿಲಾಸ್ತರಗಳ ಮೇಲೆ ಅಷ್ಟೇನೂ ಓರೆಯಾಗದ ಹೊಸ ಸ್ತರಗಳು ಕೂತಿರುವುದನ್ನು ಆತ 1788ರಲ್ಲಿ ಕಂಡ. ಹಳೆಯ ಸ್ತರಗಳು ನೀರಿನಡಿಯಲ್ಲಿ ಕೂಡಬೇಕು, ಗಟ್ಟಿಯಾಗಬೇಕು, ಮೇಲೆದ್ದು ಮಡಿಚಿಕೊಳ್ಳಬೇಕು, ಸವೆಯಬೇಕು. ಆಮೇಲೆ ಅವುಗಳ ಮೇಲೆ ಹೊಸ ಹೂಳು ಕೂಡಬೇಕು. ಇಷ್ಟಕ್ಕೆ ಕೆಲವು ಸಾವಿರ ವರ್ಷ ಸಾಲದು. 1830ರಿಂದ 1833ರವರೆಗೆ ಹೊರಬಂದ ಚಾರ್ಲ್ಸ್ ಲಯೆಲ್‌ನ ‘ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ’ಯ ಮೂರು ಸಂಪುಟಗಳು ಈ ಬಗೆಯ ಓದನ್ನು ವಿದ್ಯಾವಂತರ ಸಾಮಾನ್ಯ ತಿಳಿವಳಿಕೆಯಾಗಿಸಿದವು.

ಶ್ರದ್ಧಾವಂತರು ಆಗ ಸುಮ್ಮನೆ ಕೂರಲಿಲ್ಲ. ಅವರಲ್ಲಿ ಬಹುಮಂದಿ ಶಿಲೆಯನ್ನು ಅಲ್ಲಗಳೆಯದೆ ಗ್ರಂಥವನ್ನೇ ಮತ್ತೆ ಓದಿದರು. ಆದಿಕಾಂಡದ ಮೊದಲ ಎರಡು ವಾಕ್ಯಗಳ ನಡುವೆ ಅಳತೆಯಿಲ್ಲದ ಕಾಲಾವಧಿಯಿದೆ ಎಂಬುದು ಥಾಮಸ್ ಚಾಲ್ಮರ್ಸ್‌ನ ಸಮಾಧಾನ. ಸೃಷ್ಟಿಯ ‘ದಿನ’ವೆಂದರೆ ದೀರ್ಘ ಯುಗವೆಂಬುದು ಹ್ಯೂ ಮಿಲ್ಲರ್‌ನ ಸಮಾಧಾನ, ಆತನ ಮರಣೋತ್ತರ ಕೃತಿ ‘ದಿ ಟೆಸ್ಟಿಮನಿ ಆಫ್ ದಿ ರಾಕ್ಸ್’ ಪ್ರಕಟವಾದದ್ದೂ 1857ರಲ್ಲೇ. ಒಂದು ಪದದ ಅರ್ಥವ್ಯಾಪ್ತಿಯ ಮೇಲೆ ಕೋಟ್ಯಂತರ ವರ್ಷಗಳನ್ನು ಹೊರಿಸುವ ಈ ಉಪಾಯ, ಭಾಷಾಂತರದೊಂದಿಗೆ ಹೆಣಗಿದ ಯಾರಿಗೂ ಅಪರಿಚಿತವಲ್ಲ. ಗಾಸ್‌ಗೆ ಎರಡೂ ಒಪ್ಪಿಗೆಯಾಗಲಿಲ್ಲ. ದಿನವೆಂದರೆ ದಿನ, ಪಳೆಯುಳಿಕೆಯೂ ನಿಜ. ಎರಡನ್ನೂ ಬಿಡಲಾರದವನ ಇಕ್ಕಟ್ಟಿನಲ್ಲಿ ‘ಆಂಫಲೊಸ್’ ಹುಟ್ಟಿತು.

2. ಚಕ್ರದ ಯಾವ ಬಿಂದುವಿನಲ್ಲಿ ಆರಂಭ?

ಕೃತಿ ನ್ಯಾಯಾಲಯದ ವಿಚಾರಣೆಯ ರೂಪದಲ್ಲಿ ಆರಂಭವಾಗುತ್ತದೆ. ಭೂಮಿ ಅತಿ ಪ್ರಾಚೀನ ಎನ್ನುವ ಪಕ್ಷದ ಸಾಕ್ಷಿಯನ್ನು ಗಾಸ್ ಮೊದಲು ಕಟಕಟೆಗೆ ಕರೆಯುತ್ತಾನೆ. ಸ್ತರ, ಪಳೆಯುಳಿಕೆ, ಅಳಿದುಹೋದ ಜೀವಿಗಳ ಸಾಲನ್ನು ಯಾವ ಭೂವಿಜ್ಞಾನಿಯೂ ಆಕ್ಷೇಪಿಸಲಾಗದಷ್ಟು ನಿಷ್ಪಕ್ಷಪಾತದಿಂದ ವಿವರಿಸುತ್ತಾನೆ. ಎದುರಾಳಿಯ ವಾದವನ್ನು ಅದರ ಪೂರ್ಣ ಬಲದಲ್ಲಿ ಮುಂದಿಡುವ ಈ ಪೂರ್ವಪಕ್ಷದ ಶಿಸ್ತು ಗಮನಾರ್ಹ. ಅನಂತರ ಪಾಟೀಸವಾಲು. ಸಾಕ್ಷಿ ಹೇಳಿದ್ದೆಲ್ಲ ನಿಜವಿರಬಹುದು. ಆದರೆ ಆ ಗುರುತುಗಳಿಂದ ಕಾಲವನ್ನು ಊಹಿಸುವ ಹಕ್ಕು ಸಾಕ್ಷಿಗೆ ಎಲ್ಲಿಂದ ಬಂತು?

ಗಾಸ್‌ನ ಸಿದ್ಧಾಂತ ಇಷ್ಟು. ಜೀವವೆಲ್ಲ ಚಕ್ರ. ಬೀಜದಿಂದ ಮರ, ಮರದಿಂದ ಬೀಜ. ಮೊಟ್ಟೆಯಿಂದ ಕೋಳಿ, ಕೋಳಿಯಿಂದ ಮೊಟ್ಟೆ. ಸೃಷ್ಟಿಯೆಂಬುದು ನಡೆದಿದ್ದರೆ ಅದು ಈ ಚಕ್ರದ ಯಾವುದೋ ಒಂದು ಬಿಂದುವಿನಲ್ಲಿ ನಡೆದಿರಲೇಬೇಕು. ಆ ಬಿಂದು ಯಾವುದಾದರೂ ಅದರ ಹಿಂದಿನ ಬಿಂದುವಿನ ಗುರುತು ಅದರಲ್ಲಿ ಇದ್ದೇ ಇರುತ್ತದೆ. ಆಗತಾನೆ ಸೃಷ್ಟಿಯಾದ ಮರಕ್ಕೆ ವಾರ್ಷಿಕ ಉಂಗುರಗಳಿರುತ್ತವೆ; ಆಗತಾನೆ ಸೃಷ್ಟಿಯಾದ ಮೊದಲ ಮನುಷ್ಯನಿಗೆ ತಾಯಿ ಇಲ್ಲದಿದ್ದರೂ ಹೊಕ್ಕುಳಿರುತ್ತದೆ. ನಡೆಯದೆಯೇ ನಡೆದಂತೆ ಕಾಣುವ ಈ ಕಾಲವನ್ನು ಆತ ಒಂದು ಹೊಸ ಪದದಿಂದ ಕರೆದ. ಕನ್ನಡದಲ್ಲಿ ಅದನ್ನು ‘ಕಾಲಪೂರ್ವ’ ಎನ್ನಬಹುದು. ಸೃಷ್ಟಿಯ ಕ್ಷಣದ ನಂತರ ನಿಜವಾಗಿ ನಡೆದದ್ದು ‘ಕಾಲಗತ’. ಎರಡರ ಗುರುತುಗಳ ನಡುವೆ ನೋಟಕ್ಕೆ ಯಾವ ಭೇದವೂ ಇಲ್ಲ. ಜೀವಿಗೆ ಅನ್ವಯಿಸಿದ ಈ ನಿಯಮವನ್ನು ಆತ ಕೊನೆಯಲ್ಲಿ ಭೂಮಿಗೂ ವಿಸ್ತರಿಸುತ್ತಾನೆ. ಭೂಮಿಯ ಇತಿಹಾಸವೂ ಒಂದು ಚಕ್ರವಾಗಿದ್ದರೆ, ಪಳೆಯುಳಿಕೆಗಳು ಭೂಮಿಯ ಹೊಕ್ಕುಳು.

ಕೃತಿಯ ಮಧ್ಯಭಾಗ ಓದಲು ಸೊಗಸಾಗಿದೆ. ಸೃಷ್ಟಿಯಾದ ಮರುಗಳಿಗೆಯ ಜಗತ್ತಿನಲ್ಲಿ ನಾವು ನಡೆದಾಡುತ್ತಿದ್ದೇವೆ ಎಂದು ಊಹಿಸಿಕೊಳ್ಳುವಂತೆ ಗಾಸ್ ಹೇಳುತ್ತಾನೆ. ಜರಿಗಿಡದ ಮರ, ತಾಳೆ, ಹವಳ, ಚಿಪ್ಪಿನ ಜೀವಿ, ಸಸ್ತನಿ ಒಂದೊಂದರ ಮುಂದೆಯೂ ನಿಲ್ಲಿಸಿ, ಉದುರಿದ ಎಲೆಯ ಗುರುತು, ಚಿಪ್ಪಿನ ಪದರ, ಸವೆದ ಹಲ್ಲುಗಳನ್ನು ತೋರಿಸಿ, ತಜ್ಞನೊಬ್ಬನು ಇದರ ವಯಸ್ಸು ಇಷ್ಟೆಂದು ಹೇಳುವಂತೆ ಮಾಡಿ, ಕೊನೆಗೆ ಇದು ಈಗತಾನೆ ಹುಟ್ಟಿತು ಎಂದು ಮುಗಿಸುತ್ತಾನೆ. ಆ ವಿವರಣೆಯ ನಿಖರತೆ ಜೀವನವಿಡೀ ಕಣ್ಣನ್ನು ಪಳಗಿಸಿಕೊಂಡವನದು. ದುರಂತವೂ ಅಲ್ಲಿಯೇ ಇದೆ. ಕಂಡದ್ದನ್ನು ನಂಬಿ ಬದುಕಿದ ವಿಜ್ಞಾನಿ, ಕಂಡದ್ದರಿಂದ ಏನನ್ನೂ ತೀರ್ಮಾನಿಸಬಾರದು ಎಂದು ವಾದಿಸುವುದಕ್ಕಾಗಿ ತನ್ನ ಅತ್ಯುತ್ತಮ ನೋಟವನ್ನು ವಿನಿಯೋಗಿಸುತ್ತಿದ್ದಾನೆ.

ಭಾರತೀಯ ದರ್ಶನಗಳ ಪರಿಚಯವಿರುವ ಓದುಗರಿಗೆ ಇಲ್ಲಿ ಬೀಜಾಂಕುರನ್ಯಾಯ ನೆನಪಾಗದಿರದು. ಬೀಜ ಮೊದಲೋ ಮೊಳಕೆ ಮೊದಲೋ ಎಂಬುದಕ್ಕೆ ಉತ್ತರವಿಲ್ಲದಿರುವುದರಿಂದ ನಮ್ಮ ದಾರ್ಶನಿಕರು ಸಂಸಾರ ಅನಾದಿಯೆಂದು ಸಾಧಿಸಿದರು. ಅದೇ ಚಕ್ರವನ್ನು ಹಿಡಿದು ಗಾಸ್ ನೇರ ವಿರುದ್ಧ ದಿಕ್ಕಿಗೆ ಹೋಗುತ್ತಾನೆ: ಚಕ್ರಕ್ಕೆ ಸಹಜವಾದ ಆರಂಭಬಿಂದುವಿಲ್ಲದಿರುವುದರಿಂದ ಎಲ್ಲಿ ಬೇಕಾದರೂ ಆರಂಭವಾಗಿರಬಹುದು. ಒಂದೇ ದೃಷ್ಟಾಂತ ಅನಾದಿತ್ವವನ್ನೂ ಆದಿಯನ್ನೂ ಸಾಧಿಸಬಲ್ಲದು ಎಂದಾದರೆ ತೀರ್ಮಾನ ಬರುತ್ತಿರುವುದು ದೃಷ್ಟಾಂತದಿಂದಲ್ಲ, ಅದಕ್ಕೂ ಮೊದಲೇ ಇಟ್ಟುಕೊಂಡ ಪ್ರತಿಜ್ಞೆಯಿಂದ. ಸೃಷ್ಟಿ ನಡೆದಿದೆ ಎಂಬುದನ್ನು ತಾನು ಸಾಧಿಸುತ್ತಿಲ್ಲ, ಗೃಹೀತವಾಗಿ ಇಟ್ಟುಕೊಂಡಿದ್ದೇನೆ ಎಂಬುದನ್ನು ಗಾಸ್ ಮುಚ್ಚಿಡುವುದಿಲ್ಲ. ಅದು ಆತನ ಪ್ರಾಮಾಣಿಕತೆ.

3. ಉಂಗುರ ಮತ್ತು ಬರಗಾಲ

ಕೃತಿಗೆ ಬಂದ ಆಕ್ಷೇಪಗಳಲ್ಲಿ ಆಳವಾದದ್ದು ಪಾದ್ರಿಯೂ ಕಾದಂಬರಿಕಾರನೂ ಆಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿಯದು. ಆತ ಗಾಸ್‌ನ ಸ್ನೇಹಿತ. ಈ ವಾದವನ್ನು ಒಪ್ಪಿದರೆ ಬಂಡೆಗಳ ಮೇಲೆ ದೇವರೇ ಅಸತ್ಯವನ್ನು ಬರೆದನೆಂದು ಒಪ್ಪಬೇಕಾಗುತ್ತದೆ ಎಂಬುದು ಆತ ಪತ್ರದಲ್ಲಿ ತೋಡಿಕೊಂಡ ಸಂಕಟದ ಸಾರ. ಆಕ್ಷೇಪ ಭೂವಿಜ್ಞಾನಿಯಿಂದ ಬಾರದೆ ಧರ್ಮದ ಒಳಗಿನಿಂದಲೇ ಬಂದಿತು.

ನಮ್ಮ ಶಾಸನಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಗಾಸ್ ಭೂಮಿಯನ್ನು ಒಂದು ಕೂಟಶಾಸನವಾಗಿಸಿದ್ದ. ಕೂಟಶಾಸನವೆಂದರೆ ಈಚೆಗೆ ಬರೆದು, ಹಳೆಯ ಅರಸನ ಹೆಸರನ್ನೂ ಹಳೆಯ ತೇದಿಯನ್ನೂ ಹಾಕಿದ ದಾನಪತ್ರ. ಅದನ್ನು ನಾವು ಪತ್ತೆಹಚ್ಚುವುದು ಬರೆದವನ ತಪ್ಪುಗಳಿಂದ: ತೇದಿಗಿಂತ ಶತಮಾನಗಳಷ್ಟು ಈಚಿನ ಅಕ್ಷರರೂಪ, ಒಂದಕ್ಕೊಂದು ಕೂಡದ ತಿಥಿ ಮತ್ತು ವಾರ, ಆ ಕಾಲದಲ್ಲಿ ಇರದಿದ್ದ ಬಿರುದು. ತಪ್ಪೇ ಮಾಡದ ಕೂಟಶಾಸನಕಾರನೊಬ್ಬನಿದ್ದರೆ? ಅವನು ಬರೆದ ತಾಮ್ರಪಟಕ್ಕೂ ಅಸಲಿಗೂ ಭೇದವೇ ಇರುವುದಿಲ್ಲ. ಗಾಸ್‌ನ ಸೃಷ್ಟಿಕರ್ತ ಅಂಥವನು. ಆದರೆ ಹಾಗೆ ಒಪ್ಪಿದ ಕ್ಷಣ ಅಸಲಿ ಎಂಬ ಮಾತಿಗೂ ಅರ್ಥವಿರುವುದಿಲ್ಲ. 1857ರ ಹಿಂದಿನ ವರ್ಷವೂ ಕಾಲಪೂರ್ವವಾಗಿರಬಹುದು. ಐದು ನಿಮಿಷಗಳ ಹಿಂದೆ ಜಗತ್ತು ನಮ್ಮ ನೆನಪುಗಳ ಸಮೇತ ಹುಟ್ಟಿರಬಹುದು ಎಂಬ ಊಹೆಯನ್ನು ತರ್ಕದಿಂದ ಅಲ್ಲಗಳೆಯಲಾಗದು ಎಂದು ಬರ್ಟ್ರಂಡ್ ರಸೆಲ್ 1921ರಲ್ಲಿ ತೋರಿಸಿದ್ದು ಇದೇ ತುದಿಯನ್ನು.

ಗಾಸ್‌ನ ಪರವಾಗಿ ಒಂದು ಉತ್ತರವಿದೆ, ಅದನ್ನು ಕೇಳಲೇಬೇಕು. ದೇವರು ಮೋಸ ಮಾಡಿಲ್ಲ. ತೇದಿಯನ್ನು ಧರ್ಮಗ್ರಂಥದಲ್ಲಿ ಬಹಿರಂಗವಾಗಿಯೇ ತಿಳಿಸಿದ್ದಾನೆ. ಮರಕ್ಕೆ ಉಂಗುರವಿರುವುದು ಮೋಸವಲ್ಲ, ಮರವಾಗಿರುವುದರ ನಿಯಮ. ಈ ಉತ್ತರ ಉಂಗುರದ ಮಟ್ಟಿಗೆ ನಿಲ್ಲಬಹುದು. ಆದರೆ ಉಂಗುರಗಳು ಸಮನಾಗಿರುವುದಿಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಅಗಲ, ಬರಗಾಲದ ವರ್ಷ ಕಿರಿದು. ಉಂಗುರವಿರುವುದು ಮರದ ಸ್ವಭಾವ ಎನ್ನೋಣ. ಇಂಥ ಉಂಗುರ ಕಿರಿದಾಗಿರುವುದು ಮಾತ್ರ ಒಂದು ಘಟನೆಯ ಗುರುತು. ಹಾಗೆಯೇ ಮೀನಿನ ಪಳೆಯುಳಿಕೆಯ ಹೊಟ್ಟೆಯಲ್ಲಿ ಅರ್ಧ ಕರಗಿದ ಇನ್ನೊಂದು ಮೀನು ಸಿಗುತ್ತದೆ. ಮುರಿದು ಮತ್ತೆ ಕೂಡಿದ ಮೂಳೆ ಸಿಗುತ್ತದೆ. ಯಾವ ಚಕ್ರದ ನಿಯಮವೂ ಇವನ್ನು ಬೇಡುವುದಿಲ್ಲ. ಗಾಸ್ ಸ್ವಭಾವದ ಗುರುತನ್ನೂ ಘಟನೆಯ ಗುರುತನ್ನೂ ಒಂದೇ ಎಂದು ಭಾವಿಸಿದ. ಅಕ್ಷರಗಳ ದುಂಡನ್ನು ಲಿಪಿಯ ಸ್ವಭಾವವೆನ್ನಬಹುದು. ಆದರೆ ಇಂಥ ಊರಿನ ಕಾಳಗದಲ್ಲಿ ಇಂಥವನು ಮಡಿದನೆಂಬ ವೀರಗಲ್ಲಿನ ಮಾತನ್ನು ಲಿಪಿಯ ಸ್ವಭಾವವೆಂದು ವಿವರಿಸಲಾಗದು. ವಯಸ್ಸಿನ ತೋರಿಕೆ ಬೇರೆ, ಚರಿತ್ರೆ ಬೇರೆ. ಶಿಲೆಗಳಲ್ಲಿರುವುದು ಚರಿತ್ರೆ.

4. ಮಗನ ಸಾಕ್ಷ್ಯ

‘ಆಂಫಲೊಸ್’ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಬಹುಮಟ್ಟಿಗೆ ಮಗ ಎಡ್ಮಂಡ್ ಗಾಸ್‌ನ ‘ಫಾದರ್ ಅಂಡ್ ಸನ್’ ಎಂಬ ಆತ್ಮಕಥನದಿಂದ. 1907ರಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾದ ಆ ಕೃತಿ ಇಂಗ್ಲಿಷ್ ಗದ್ಯದ ಶ್ರೇಷ್ಠ ರಚನೆಗಳಲ್ಲಿ ಒಂದು. ಭಾರಿ ನಿರೀಕ್ಷೆಯಿಂದ ಹೊರಬಂದ ಗ್ರಂಥ, ಆಸ್ತಿಕರಿಂದಲೂ ನಾಸ್ತಿಕರಿಂದಲೂ ತಿರಸ್ಕೃತವಾಗಿ, ತಂದೆ ಕಹಿಯಾಗಿ ಒಳಸೇರಿದ ಚಿತ್ರವನ್ನು ಅದು ಕಟ್ಟಿಕೊಡುತ್ತದೆ. ಭೂವಿಜ್ಞಾನಿಗಳನ್ನು ನಾಸ್ತಿಕ್ಯಕ್ಕೆ ಸೆಳೆಯಲೆಂದೇ ದೇವರು ಪಳೆಯುಳಿಕೆಗಳನ್ನು ಬಚ್ಚಿಟ್ಟನು ಎಂಬ ಪತ್ರಿಕೆಗಳ ಗೇಲಿಯ ಸಾರಾಂಶವೂ ಮುಖ್ಯವಾಗಿ ಅಲ್ಲಿಂದಲೇ ನಮಗೆ ತಲುಪಿದೆ. ಗಾಸ್ ಎಲ್ಲಿಯೂ ಹಾಗೆ ವಾದಿಸಿರಲಿಲ್ಲ.

ಇಲ್ಲಿಯೂ ಸಾಕ್ಷ್ಯದ ಪ್ರಶ್ನೆ ಏಳುತ್ತದೆ. ಕೃತಿ ಪ್ರಕಟವಾದಾಗ ಎಡ್ಮಂಡ್‌ಗೆ ಎಂಟು ವರ್ಷ. ಆತ ಬರೆದದ್ದು ಐವತ್ತು ವರ್ಷಗಳ ಮೇಲೆ. ಅದೇ 1857ರ ಫೆಬ್ರವರಿಯಲ್ಲಿ ಮನೆಯ ತಾಯಿ ಎಮಿಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ತಂದೆಯ ಮುಖದಲ್ಲಿ ಮಗು ಕಂಡ ಕತ್ತಲು ಗ್ರಂಥದ ಸೋಲಿನದೋ ಹೆಂಡತಿಯ ಸಾವಿನದೋ ಎಂದು ಬೇರ್ಪಡಿಸುವುದು ಕಷ್ಟ. ಫಿಲಿಪ್ ಗಾಸ್‌ನ ಜೀವನಚರಿತ್ರೆಯನ್ನು 2002ರಲ್ಲಿ ಪ್ರಕಟಿಸಿದ ಆನ್ ಥ್ವೇಟ್ ಅವರು, ಮಗನ ಚಿತ್ರವನ್ನು ಅಕ್ಷರಶಃ ನಂಬಲಾಗದೆಂದು ತೋರಿಸಿದ್ದಾರೆ. ಆ ತಂದೆ ಮುಂದೆಯೂ ಸಂಶೋಧನೆ ಮಾಡಿದ, ಬರೆದ, ಮರುಮದುವೆಯಾಗಿ ನೆಮ್ಮದಿಯಿಂದ ಬಾಳಿದ. ಹಾಗೆಂದು ಮಗನ ಕೃತಿ ಕೂಟಶಾಸನವಾಗುವುದಿಲ್ಲ. ಪತ್ರ, ದಿನಚರಿಗಳೊಂದಿಗೆ ಹೋಲಿಸಿ ತಿದ್ದಬಹುದಾದ ಸಾಕ್ಷ್ಯ ಅದು. ತಿದ್ದಲು ಸಾಧ್ಯವಿರುವುದರಿಂದಲೇ ಅದಕ್ಕೆ ಬೆಲೆ.

5. ಸೋತ ಸಂಖ್ಯೆಗಳು

‘ಆಂಫಲೊಸ್’ ಬಂದು ಎರಡು ವರ್ಷಕ್ಕೆ, 1859ರ ನವೆಂಬರಿನಲ್ಲಿ, ಡಾರ್ವಿನ್‌ನ ‘ಆನ್ ದಿ ಆರಿಜಿನ್ ಆಫ್ ಸ್ಪೀಷೀಸ್’ ಹೊರಬಂದಿತು. ಅದರಲ್ಲಿ ಭೂಮಿಯ ಕಾಲವನ್ನು ಕುರಿತ ಒಂದು ಲೆಕ್ಕವಿದೆ. ದಕ್ಷಿಣ ಇಂಗ್ಲೆಂಡಿನ ವೀಲ್ಡ್ ಪ್ರದೇಶದ ಶಿಲೆ ಸವೆಯಲು ಸುಮಾರು 30 ಕೋಟಿ ವರ್ಷ ಬೇಕಾಯಿತು ಎಂದು ಡಾರ್ವಿನ್ ಅಂದಾಜಿಸಿದ. ಟೀಕೆ ಬಂದಿತು, ಲೆಕ್ಕ ದುರ್ಬಲವಾಗಿತ್ತು, 1861ರ ಮೂರನೆಯ ಆವೃತ್ತಿಯಲ್ಲಿ ಆತ ಅದನ್ನು ಕೈಬಿಟ್ಟ.

ಮರುವರ್ಷ ಇನ್ನೂ ದೊಡ್ಡ ಪೆಟ್ಟು ಬಿದ್ದಿತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್, ಕಾದ ಗೋಳವೊಂದು ಇಂದಿನ ಉಷ್ಣತೆಗೆ ಆರಲು ಬೇಕಾದ ಕಾಲವನ್ನು ಲೆಕ್ಕಹಾಕಿ, ಭೂಮಿಯ ವಯಸ್ಸು 2 ಕೋಟಿಗೂ 40 ಕೋಟಿಗೂ ನಡುವೆ ಇರಬೇಕೆಂದ. 1897ರ ಹೊತ್ತಿಗೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದ. ಇದು ನಿಜವಾಗಿದ್ದರೆ ನೈಸರ್ಗಿಕ ಆಯ್ಕೆಗೆ ಕಾಲ ಸಾಲದು. ಡಾರ್ವಿನ್‌ಗೆ ಇದರ ಗಂಭೀರತೆ ತಿಳಿದಿತ್ತು. ವಿಕಾಸವಾದ ಆ ಶತಮಾನದಲ್ಲಿ ಎದುರಿಸಿದ ಕಠಿಣ ಆಕ್ಷೇಪಗಳಲ್ಲಿ ಒಂದು ಧರ್ಮಪೀಠದಿಂದಲ್ಲ, ಭೌತವಿಜ್ಞಾನದಿಂದ ಬಂದಿತೆಂಬುದನ್ನು ಮರೆಯಬಾರದು.

ಕೆಲ್ವಿನ್‌ನ ಗಣಿತ ತಪ್ಪಾಗಿರಲಿಲ್ಲ, ಗೃಹೀತಗಳು ತಪ್ಪಾಗಿದ್ದವು. ಭೂಮಿಯ ಒಡಲು ಗಟ್ಟಿಯಾಗಿ ನಿಶ್ಚಲವಾಗಿದೆ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಒಳಗೆ ಶಾಖ ಹೆಚ್ಚು ಸುಲಭವಾಗಿ ಹರಿದಾಡುವಂತಿದ್ದರೆ ವಯಸ್ಸು ಎಷ್ಟೋ ಪಟ್ಟು ಹೆಚ್ಚುತ್ತದೆಂದು ಆತನ ಹಳೆಯ ಸಹಾಯಕ ಜಾನ್ ಪೆರಿ 1895ರಲ್ಲಿ ತೋರಿಸಿದ. 1896ರಲ್ಲಿ ಪತ್ತೆಯಾದ ವಿಕಿರಣಶೀಲತೆ ಶಿಲೆಗಳೊಳಗೇ ಒಂದು ಗಡಿಯಾರವನ್ನು ಒದಗಿಸಿತು. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸದ ಸಮಸ್ಥಾನಿಗಳನ್ನು ಅಳೆದು, ಭೂಮಿಯ ವಯಸ್ಸು 455 ಕೋಟಿ ವರ್ಷ, ಹೆಚ್ಚೆಂದರೆ 7 ಕೋಟಿ ಅತ್ತಿತ್ತ, ಎಂದು ನಿರ್ಧರಿಸಿದ. ಅನಂತರದ ಅಳತೆಗಳು ಆ ಸಂಖ್ಯೆಯನ್ನು ಹೆಚ್ಚೇನೂ ಕದಲಿಸಿಲ್ಲ.

ಡಾರ್ವಿನ್ ಸೋತ, ಕೆಲ್ವಿನ್ ಸೋತ, ಗಾಸ್ ಸೋಲಲಿಲ್ಲ. ಪ್ಯಾಟರ್ಸನ್‌ನ ಸೀಸವನ್ನೂ ‘ಆಂಫಲೊಸ್’ ಒಂದೇ ವಾಕ್ಯದಲ್ಲಿ ಜೀರ್ಣಿಸಿಕೊಳ್ಳಬಲ್ಲದು: ಅದೂ ಕಾಲಪೂರ್ವ. ತನ್ನ ತತ್ತ್ವವನ್ನು ಒಪ್ಪಿದರೂ ಭೂವಿಜ್ಞಾನದ ದೈನಂದಿನ ಕೆಲಸದಲ್ಲಿ ಏನೂ ಬದಲಾಗದು ಎಂದು ಗಾಸ್ ಗ್ರಂಥದ ಕೊನೆಯಲ್ಲಿ ಹೇಳುತ್ತಾನೆ. ಆತ ಅದನ್ನು ತನ್ನ ವಾದದ ಉದಾರತೆಯೆಂದು ಭಾವಿಸಿದ್ದ. ಯಾವುದನ್ನೂ ಬದಲಿಸದ, ಯಾವುದನ್ನೂ ಮುಂಗಾಣದ ತತ್ತ್ವ ಯಾವುದನ್ನೂ ವಿವರಿಸುವುದೂ ಇಲ್ಲ ಎಂಬುದು ಆತನಿಗೆ ಹೊಳೆಯಲಿಲ್ಲ.

6. ಇಪ್ಪತ್ತನೆಯ ಶತಮಾನದ ಎರಡು ನಾಲಗೆಗಳು

ಕಳೆದ ಶತಮಾನದ ಅಮೆರಿಕದಲ್ಲಿ ವಿವಾದ ಹೊಸ ರೂಪ ತಾಳಿತು. 1925ರ ಡೇಟನ್ ಮೊಕದ್ದಮೆಯಲ್ಲಿ ಬೈಬಲ್ಲಿನ ಪರ ನಿಂತ ವಿಲಿಯಂ ಜೆನಿಂಗ್ಸ್ ಬ್ರಯನ್ ಸಹ, ಸೃಷ್ಟಿಯ ದಿನಗಳು 24 ಗಂಟೆಯವಾಗಿರಬೇಕಿಲ್ಲ ಎಂದು ಸಾಕ್ಷಿಕಟ್ಟೆಯಲ್ಲಿ ಒಪ್ಪಿಕೊಂಡಿದ್ದ. ಭೂಮಿ ಎಳೆಯದು ಎಂಬ ನಿಲುವು ವ್ಯಾಪಕ ಚಳವಳಿಯಾಗಿ ಮರಳಿದ್ದು ಮುಖ್ಯವಾಗಿ 1961ರಲ್ಲಿ ಜಾನ್ ವಿಟ್‌ಕಂಬ್ ಮತ್ತು ಹೆನ್ರಿ ಮಾರಿಸ್ ಬರೆದ ‘ದಿ ಜೆನೆಸಿಸ್ ಫ್ಲಡ್’ ಕೃತಿಯ ನಂತರ. ಅದನ್ನು ಅನಾದಿಯಿಂದ ಬಂದ ಸಂಪ್ರದಾಯವೆಂದು ಎರಡೂ ಪಕ್ಷಗಳು ಭಾವಿಸುವುದು ಚಾರಿತ್ರಿಕವಾಗಿ ಸರಿಯಲ್ಲ.

ಆ ಕೃತಿಯಲ್ಲಿ ಎರಡು ನಾಲಗೆಗಳಿವೆ. ಒಂದು, ಜಲಪ್ರಳಯವೇ ಸ್ತರಗಳನ್ನೂ ಪಳೆಯುಳಿಕೆಗಳನ್ನೂ ಉಂಟುಮಾಡಿತು ಎನ್ನುತ್ತದೆ. ಇದು ಪರೀಕ್ಷಿಸಬಹುದಾದ ಮಾತು. ಪರೀಕ್ಷೆಯಲ್ಲಿ ಸೋತ ಮಾತು. ಇನ್ನೊಂದು, ಸಾಕ್ಷ್ಯ ತೀರ ಬಲವಾಗಿರುವಲ್ಲಿ, ವಯಸ್ಸಾದಂತೆ ಕಾಣುವ ರೂಪದಲ್ಲೇ ಸೃಷ್ಟಿ ನಡೆಯಿತು ಎನ್ನುತ್ತದೆ. ಇದು ಗಾಸ್‌ನ ಮಾತು. ಭೂಮಿಯ ಆರಂಭ ಈಚಿನದು ಎಂಬ ಅಂಶವನ್ನೂ ಒಳಗೊಂಡ ‘ಸೃಷ್ಟಿವಿಜ್ಞಾನ’ಕ್ಕೆ ಶಾಲೆಯಲ್ಲಿ ಸಮಪಾಲು ಕೇಳಿದ ಅರ್ಕನ್ಸಾ ರಾಜ್ಯದ 1981ರ ಕಾಯಿದೆಯನ್ನು, 1982ರ ಜನವರಿಯಲ್ಲಿ ನ್ಯಾಯಾಧೀಶ ವಿಲಿಯಂ ಓವರ್ಟನ್ ರದ್ದುಪಡಿಸಿದ. ತಪ್ಪೆಂದು ತೋರಿಸಲು ಸಾಧ್ಯವಿಲ್ಲದ್ದು ವಿಜ್ಞಾನವಲ್ಲ ಎಂಬುದು ಆತ ನೀಡಿದ ಕಾರಣಗಳಲ್ಲಿ ಒಂದು. ತೀರ್ಪನ್ನು ಒಪ್ಪಿದ ತತ್ತ್ವಜ್ಞಾನಿ ಲ್ಯಾರಿ ಲೌಡನ್ ಈ ಕಾರಣವನ್ನು ಒಪ್ಪಲಿಲ್ಲ: ಎಳೆಯ ಭೂಮಿಯ ವಾದವನ್ನು ಪರೀಕ್ಷಿಸಬಹುದು, ಪರೀಕ್ಷಿಸಲಾಗಿದೆ, ಅದು ಬಿದ್ದುಹೋಗಿದೆ ಎಂದರು. ಇಬ್ಬರ ಮಾತೂ ಸರಿ. ಇಬ್ಬರೂ ಬೇರೆ ಬೇರೆ ನಾಲಗೆಗಳನ್ನು ಕುರಿತು ಮಾತನಾಡುತ್ತಿದ್ದರು. ಗಾಸ್ ಈ ಉತ್ತರಾಧಿಕಾರಿಗಳಿಗಿಂತ ಮೇಲು ಎನಿಸುವುದು ಇಲ್ಲಿಯೇ. ಆತನದು ಒಂದೇ ನಾಲಗೆ.

7. ನಮ್ಮ ಕಲ್ಪ, ನಮ್ಮ ಕಲ್ಲು

ಇದು ಪರರ ಮನೆಯ ಕಥೆಯೆಂದು ನಾವು ನಿರಾಳವಾಗಿರುವಂತಿಲ್ಲ. ಸಂಕಲ್ಪದಲ್ಲಿ ಶ್ವೇತವರಾಹಕಲ್ಪ, ವೈವಸ್ವತ ಮನ್ವಂತರ, ಕಲಿಯುಗ ಪ್ರಥಮಪಾದಗಳನ್ನು ಉಚ್ಚರಿಸುವ ನಮ್ಮಲ್ಲಿ, ಕಲ್ಪದ 432 ಕೋಟಿ ವರ್ಷವೂ ವಿಜ್ಞಾನದ 454 ಕೋಟಿಯೂ ಸಮೀಪವಿರುವುದನ್ನು ತೋರಿಸಿ, ಪೂರ್ವಿಕರಿಗೆ ಭೂಮಿಯ ವಯಸ್ಸು ಗೊತ್ತಿತ್ತು ಎನ್ನುವವರಿದ್ದಾರೆ. ಆ ಪರಂಪರೆಯನ್ನೇ ಗಮನವಿಟ್ಟು ಓದಿದರೆ ಹೋಲಿಕೆ ನಿಲ್ಲುವುದಿಲ್ಲ. 432 ಕೋಟಿ ಕಲ್ಪದ ಪೂರ್ಣ ಅವಧಿ. ಅದರಲ್ಲಿ ಕಳೆದದ್ದೆಷ್ಟೆಂಬುದೇ ಪ್ರಶ್ನೆ. ಆರು ಮನ್ವಂತರ, ಏಳು ಸಂಧಿ, ಏಳನೆಯ ಮನ್ವಂತರದ 27 ಮಹಾಯುಗ, 28ನೆಯದರ ಮೂರು ಯುಗಗಳನ್ನು ಕೂಡಿದರೆ ಕಲಿಯುಗದ ಆರಂಭಕ್ಕೆ 197,29,44,000 ವರ್ಷ. ಸಿದ್ಧಾಂತಗ್ರಂಥಗಳ ಮಾರ್ಗದಲ್ಲಿ ಈ ಕಲ್ಪದ ಗತಕಾಲ ಸುಮಾರು 197 ಕೋಟಿ, ಅಂದರೆ ಅಳತೆಯ ಅರ್ಧಕ್ಕಿಂತ ಕಡಿಮೆ. ಅದು ಶಿಲೆಯಿಂದ ಬಂದ ಸಂಖ್ಯೆಯೂ ಅಲ್ಲ. ಗ್ರಹಗಳ ಸುತ್ತುಗಳನ್ನು ಪೂರ್ಣಾಂಕಗಳಲ್ಲಿ ಕೂಡಿಸಬಲ್ಲ ಭವ್ಯ ಗಣಿತರಚನೆ. ಆ ರಚನೆಯ ಹಿರಿಮೆಗೆ ಪ್ಯಾಟರ್ಸನ್‌ನ ಪ್ರಮಾಣಪತ್ರ ಬೇಕಿಲ್ಲ.

ಇನ್ನೂ ಹತ್ತಿರದ ಮಾತೊಂದಿದೆ. ಗಡಿಯಾಚೆಯ ಕನ್ನಡದ ಪ್ರಾಚೀನತೆಯನ್ನು ಕುರಿತು ಬರೆಯುವ ನಮ್ಮಲ್ಲೂ ‘ಆಂಫಲೊಸ್’ನ ತರ್ಕ ನುಸುಳುವುದುಂಟು. ಶಾಸನ ಸಿಕ್ಕರೆ ಅದು ಕನ್ನಡ ಅಲ್ಲಿತ್ತು ಎಂಬುದಕ್ಕೆ ಸಾಕ್ಷಿ. ಸಿಗದಿದ್ದರೆ ಯಾರೋ ನಾಶಪಡಿಸಿದರು ಎಂಬುದಕ್ಕೆ ಸಾಕ್ಷಿ. ಸ್ಥಳನಾಮ ಕನ್ನಡದಂತಿದ್ದರೆ ನಮ್ಮದು, ಇಲ್ಲದಿದ್ದರೆ ಬದಲಿಸಲ್ಪಟ್ಟದ್ದು. ಇಂಥ ವಾದ ಎಂದೂ ಸೋಲದು. ಹಾಗಾಗಿ ಅದು ಗೆಲ್ಲುವುದೂ ಇಲ್ಲ. ಅಳಿಸುವಿಕೆ ನಡೆದೇ ಇಲ್ಲವೆಂದಲ್ಲ. ನಡೆದಲ್ಲಿ ಅದಕ್ಕೂ ಗುರುತು ಇರುತ್ತದೆ. ಕಾಸರಗೋಡಿನ ಬೇಡಡ್ಕ ಮಲಯಾಳದಲ್ಲಿ ಬೇಡಕಂ ಆಗಿರುವುದನ್ನು ಹಳೆಯ ಕಂದಾಯ ದಾಖಲೆ, ಜನರ ಬಾಯಿಮಾತು, ಇಂದಿನ ನಾಮಫಲಕಗಳನ್ನು ಎದುರುಬದುರಿಟ್ಟು ಪರೀಕ್ಷಿಸಬಹುದು. ಪರೀಕ್ಷಿಸಿ ಹೇಳಿದಾಗ ಮಾತ್ರ ಅದು ದೂರಾಗಿ ಉಳಿಯದೆ ದಾಖಲೆಯಾಗುತ್ತದೆ.

ಈ ಶಿಸ್ತಿನ ಮಾದರಿ ನಮ್ಮ ಗಡಿಯಲ್ಲೇ ಇದೆ. ಗಂಗರ ತಾಮ್ರಪಟಗಳನ್ನು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ಅವರು ದೀರ್ಘಕಾಲ ಸಾಧಿಸಿದರು, ಬಿ. ಎಲ್. ರೈಸ್ ಅವರು ಅದನ್ನು ಒಪ್ಪಲಿಲ್ಲ. ಮಡಕಶಿರಾ ಸೀಮೆಯ ನೆರೆಯ ಪೆನುಗೊಂಡದ ತಾಮ್ರಪಟ ಬೆಳಕಿಗೆ ಬಂದಾಗ, ಅದರ ಲಿಪಿಯನ್ನು ನೋಡಿ ಅದು ಅಸಲಿಯೆಂದು ಸ್ವತಃ ಫ್ಲೀಟ್ ಅವರೇ ಒಪ್ಪಿಕೊಂಡರು. ಅವರ ಸಂಶಯಕ್ಕೆ ಬೆಲೆ ಬಂದದ್ದು ಅದು ಸಾಕ್ಷ್ಯದ ಮುಂದೆ ಬಾಗಬಲ್ಲದಾಗಿದ್ದುದರಿಂದ. ತೆಲಂಗಾಣದ ಕುರ್ಕ್ಯಾಲದ ಬಂಡೆಯೂ ಅಂಥದೇ ಪಾಠ ಹೇಳುತ್ತದೆ. ಪಂಪನ ತಮ್ಮ ಜಿನವಲ್ಲಭ ಬರೆಸಿದ ಆ ಹತ್ತನೆಯ ಶತಮಾನದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಆದಿಕವಿಯ ಮನೆತನದ ವಿವರಕ್ಕಾಗಿ ಅಲ್ಲಿಗೆ ಹೋದ ಕನ್ನಡಿಗನು ಹಳೆಯ ತೆಲುಗು ಕಂದಪದ್ಯಗಳನ್ನೂ ಓದಬೇಕಾಗುತ್ತದೆ. ತೆಲುಗು ಕಂದದ ಪ್ರಾಚೀನತೆಗಾಗಿ ಹೋದವನು ಕನ್ನಡವನ್ನೂ. ಕಲ್ಲು ನಾವು ಕೇಳಿದ್ದಕ್ಕಿಂತ ಹೆಚ್ಚನ್ನು, ಕೆಲವೊಮ್ಮೆ ಕೇಳಬಯಸದ್ದನ್ನೂ, ಹೇಳುತ್ತದೆ.

ಗಾಸ್ ತನ್ನ ಶ್ರದ್ಧೆಯನ್ನು ಉಳಿಸಿಕೊಳ್ಳಲು ಶಿಲೆಯ ಬಾಯಿ ಕಟ್ಟಿದ. ಶ್ರದ್ಧೆ ಉಳಿಯಿತು, ಶಿಲೆಗಳಲ್ಲಿ ಓದಲು ಆತನಿಗೆ ಏನೂ ಉಳಿಯಲಿಲ್ಲ. ನಾವು ನಮ್ಮ ಭಾಷೆಯನ್ನು ಪ್ರೀತಿಸುವವರು. ನಮಗೂ ಅದೇ ಆಮಿಷವಿದೆ. ಈ ಕಲ್ಲಿನಲ್ಲಿ ಏನು ಬರೆದಿದ್ದರೆ ನನ್ನ ವಾದವನ್ನು ಕೈಬಿಡುತ್ತೇನೆ ಎಂಬುದನ್ನು ಕಲ್ಲಿನ ಮುಂದೆ ಕೂರುವ ಮೊದಲೇ ಹೇಳಬಲ್ಲವನ ಓದು ಮಾತ್ರ ಗಡಿಯ ಎರಡೂ ಕಡೆ ನಂಬಿಕೆಗೆ ಅರ್ಹವಾದೀತು.